ಪ್ರಬಂಧ ತಿದ್ದಿದ ಪ್ರಸಂಗ

ಮಾಸ್ತರಿಕೆಯಲ್ಲಿ ಬಿಸಿಲು, ಧೂಳು, ವರ್ಗಾವಣೆ, ಮೇಲಧಿಕಾರಿಗಳ ಭೇಟಿ ಎಲ್ಲವನ್ನೂ ಸಹಿಸಬಹುದು. ಆದರೆ ಭಾನುವಾರದ ಮಧ್ಯಾಹ್ನ ಎಂಟನೆಯ ಇಯತ್ತೆಯ ಪ್ರಬಂಧದ ವಹಿಗಳನ್ನು ತಿದ್ದುವುದಿದೆಯಲ್ಲ, ಅದೊಂದು ತಪಸ್ಸೇ ಸರಿ. ಮನೆಯಲ್ಲಿ ಶಾಲಾ ಮಾಸ್ತರರಿರುವ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2003ನೆಯ ಇಸವಿಯಲ್ಲಿ ನಾನು ಗಜೇಂದ್ರಗಡದ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಅಧ್ಯಾಪಕನಾಗಿದ್ದೆ. ಆಗ ಆ ಭಾಗವೆಲ್ಲ ರೋಣ ತಾಲ್ಲೂಕಿಗೆ ಸೇರಿತ್ತು. ಗಜೇಂದ್ರಗಡವೇ ತಾಲ್ಲೂಕಾದುದು ಆಮೇಲಿನ ಮಾತು. ಲಕ್ಕಲಕಟ್ಟಿಯ ಕಡೆಯಿಂದಲೂ ಕೆಲವು ಹುಡುಗರು ನಮ್ಮಲ್ಲಿಗೆ ಬರುತ್ತಿದ್ದರು. ನಾನೋ ತೀರ್ಥಹಳ್ಳಿಯ ಕಡೆಯವನು. ನಮ್ಮ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿನಷ್ಟು ಮಳೆ. ಈ ಎರೆ ಸೀಮೆಯಲ್ಲಿ 600ರ ಆಸುಪಾಸು, ಅದೂ ದೇವರ ಮನಸ್ಸು ಬಂದರೆ. ಆ ವರ್ಷ ನಾಡಿನಲ್ಲಿ ಬರಗಾಲದ ಮೂರನೆಯ ವರ್ಷ. ಮುಂಗಾರಿನ ಹೆಸರು ಕೈಗೆ ಬಂದಿರಲಿಲ್ಲ. ಹಿಂಗಾರಿನ ಜೋಳ, ಕಡಲೆಗಳನ್ನು ನೆಚ್ಚಿ ಜನ ಮುಗಿಲು ನೋಡುತ್ತಿದ್ದರು.

ಅಂಥ ಕಾಲದಲ್ಲಿ ನಾನು ಕರಿಹಲಗೆಯ ಮೇಲೆ ಬರೆದ ವಿಷಯ, 'ಮಳೆಗಾಲದ ಒಂದು ದಿನ'. ಅದರ ಕೆಳಗೆ, ನನ್ನ ಗುರುಗಳು ನನಗೆ ಕಲಿಸಿದ್ದಂತೆಯೇ, ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಮಕ್ಕಳಿಗೆ ಮಾದರಿಯಿರಲೆಂದು ಜಡಿಮಳೆ, ತುಂಬಿ ಹರಿಯುವ ಹಳ್ಳ, ಕಂಬಳಿಕೊಪ್ಪೆ, ಅಡಿಕೆಯ ತೋಟ ಎಂದು ನಾನೇ ನಾಲ್ಕು ವಾಕ್ಯಗಳನ್ನು ಸೊಗಸಾಗಿ ಹೇಳಿಯೂ ಬಿಟ್ಟೆ.

ಬಂದ ವಹಿಗಳು ನಲವತ್ತೊಂದು. ಅವುಗಳಲ್ಲಿ ಹೆಚ್ಚಿನವುಗಳಲ್ಲಿ ನನ್ನ ಅಡಿಕೆಯ ತೋಟವೇ ತೊಯ್ದು ನಿಂತಿತ್ತು. ಉಳಿದವುಗಳಲ್ಲಿ ಪೇಟೆಯ ಗೈಡಿನಿಂದ ಹಾರಿಬಂದ ನವಿಲುಗಳು ಕುಣಿಯುತ್ತಿದ್ದವು. ಅಡಿಕೆಯ ಮರವನ್ನು ಕಣ್ಣಾರೆ ಕಂಡವನು ಆ ತರಗತಿಯಲ್ಲಿ ನಾನೊಬ್ಬನೇ ಎಂಬುದು ಆಗ ನನಗೆ ಹೊಳೆಯಲಿಲ್ಲ. ಧಾರಾಳವಾಗಿ ಹತ್ತಕ್ಕೆ ಏಳು, ಎಂಟು ಹಾಕುತ್ತ ಹೋದೆ.

ಲಕ್ಕಲಕಟ್ಟಿಯ ಹುಡುಗನೊಬ್ಬನ ವಹಿ ಮಾತ್ರ ಬೇರೆಯಾಗಿತ್ತು. ಪೀಠಿಕೆಯೂ ಇಲ್ಲ, ಉಪಸಂಹಾರವೂ ಇಲ್ಲ. ಮಳೆ ಬಾರದ್ದರಿಂದ ಓಣಿಯ ಹುಡುಗರೆಲ್ಲ ಸೇರಿ ಗುರ್ಜಿ ಆಡಿದರಂತೆ. ರೊಟ್ಟಿಯ ಹಂಚಿನ ಮೇಲೆ ಸಗಣಿಯ ಗುರ್ಜಿಯನ್ನಿಟ್ಟು ಇವನ ತಲೆಯ ಮೇಲೆ ಹೊರಿಸಿದರಂತೆ. ಮನೆಮನೆಯ ಮುಂದೆ ಇವನು ಗರಗರ ತಿರುಗಿದ. ಹೆಂಗಸರು ಕೊಡದಿಂದ ನೀರು ಸುರಿದರು. ಒಂದು ಮನೆಯಲ್ಲಿ ನೀರು ಕಡಿಮೆಯಿತ್ತೆಂದು ಒಂದೇ ತಂಬಿಗೆ ಹಾಕಿದರು. ಈ ವರ್ಷ ತಾನು ತೊಯ್ದದ್ದು ಅದೊಂದೇ ದಿನ ಎಂದು ಬರೆದಿದ್ದ. ಕೊನೆಯಲ್ಲಿ ಎರಡು ಸಾಲು: 'ದೀಪಾವಳಿ ಆದ ಮ್ಯಾಲೆ ನಾವು ಮಂಗಳೂರಿಗೆ ಹೊಂಟೀವಿ. ಅಲ್ಲಿ ಮಳಿ ಭಾಳ ಐತಂತ.'

ನಾನು ಕೆಂಪು ಮಸಿಯಿಂದ 'ಮ್ಯಾಲೆ' ಎಂಬುದನ್ನು 'ಮೇಲೆ' ಎಂದು ತಿದ್ದಿದೆ. 'ಹೊಂಟೀವಿ'ಯನ್ನು ಹೊಡೆದುಹಾಕಿ 'ಹೊರಟಿದ್ದೇವೆ' ಎಂದು ಬರೆದೆ. ಅಂಚಿನಲ್ಲಿ 'ವಿಷಯಾಂತರ' ಎಂದು ಷರಾ ಹಾಕಿ, ಹತ್ತಕ್ಕೆ ಮೂರು ಕೊಟ್ಟೆ. ಓದಿದೆ ಎಂದೇ ಅಂದುಕೊಂಡಿದ್ದೆ.

ದೀಪಾವಳಿಯ ರಜೆ ಕಳೆದು ಶಾಲೆ ತೆರೆಯಿತು. ಆ ಹುಡುಗ ಬರಲಿಲ್ಲ. ಒಂದು ವಾರ ಹಾಜರಿ ಪುಸ್ತಕದಲ್ಲಿ ಗೈರು ಎಂದು ಗುರುತು ಹಾಕಿದ ಮೇಲೆ, ಸಂಜೆ ಅವನ ಊರಿಗೇ ಹೋದೆ. ಆ ಸೀಮೆಯಿಂದ ಬರದ ವರ್ಷಗಳಲ್ಲಿ ಜನ ಮಂಗಳೂರು, ಗೋವೆಗಳಿಗೆ ಗುಳೆ ಹೋಗುವುದು ನನಗೆ ತಿಳಿಯದ ಸಂಗತಿಯೇನಲ್ಲ. ಬಸ್ ನಿಲ್ದಾಣದಲ್ಲಿ ಗಂಟುಮೂಟೆಗಳನ್ನು ಕಂಡಿದ್ದೆ. ಮನೆಯಲ್ಲಿ ಅಜ್ಜಿ ಒಬ್ಬಳೇ ಇದ್ದಳು. ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂಡ್ರಿಸಿದಳು. ಹುಡುಗ ಹೇಳದೆ ಕೇಳದೆ ಶಾಲೆ ಬಿಡಬಹುದೇ ಎಂದು ನಾನು ತುಸು ಗಡುಸಾಗಿಯೇ ಕೇಳಿದೆ.

"ಯಾಕ್ರೀ ಗುರುಗಳ, ನಿಮಗ ಬರದು ಕೊಟ್ಟೀನಿ ಅಂದಿದ್ನಲ್ಲರೀ! ಮುಟ್ಟಲಿಲ್ಲೇನ್ರೀ?" ಎಂದಳು ಅಜ್ಜಿ.

ಮುಟ್ಟಿತ್ತು. ಮೂರು ಅಂಕವನ್ನೂ ಕೊಟ್ಟಿದ್ದೆ. ಅಜ್ಜಿಗೆ ಹೇಳಲು ನನ್ನಲ್ಲಿ ಮಾತಿರಲಿಲ್ಲ. ಆಕೆ ಕೊಟ್ಟ ಚಹಾ ಕುಡಿದು ಎದ್ದು ಬಂದೆ.

ಅಂದಿನಿಂದ ಒಂದು ಪದ್ಧತಿ ಮಾಡಿಕೊಂಡೆ. ವಹಿಗಳನ್ನು ಮೊದಲು ಪೆನ್ನಿಲ್ಲದೆ ಓದುವುದು. ಎರಡನೆಯ ಸಲವೇ ಮಸಿ. ಕರಿಹಲಗೆಯ ಮೇಲೆ ಮಾದರಿ ವಾಕ್ಯಗಳನ್ನು ಬರೆಯುವುದನ್ನೂ ನಿಲ್ಲಿಸಿದೆ. 'ನಿನ್ನೆ ನಿಮ್ಮ ಮನೆಯ ಒಲೆಯ ಮುಂದೆ ಯಾರು ಏನು ಮಾತಾಡಿದರು?' ಎಂಬಂಥ ವಿಷಯಗಳನ್ನು ಕೊಟ್ಟಾಗ, ಇದು ಪರೀಕ್ಷೆಗೆ ಬರುತ್ತದೆಯೇ ಎಂದು ಸಹೋದ್ಯೋಗಿಗಳು ನಕ್ಕದ್ದುಂಟು. ಅವರ ಪ್ರಶ್ನೆ ತಪ್ಪಲ್ಲ. ಹತ್ತನೆಯ ಇಯತ್ತೆಗೆ ಬರುವ ಹೊತ್ತಿಗೆ ನಾನೂ ಪೀಠಿಕೆ, ಉಪಸಂಹಾರಗಳನ್ನು ಕಲಿಸಿಯೇ ಕಳಿಸುತ್ತಿದ್ದೆ.

ಯುಗಾದಿ ಕಳೆದ ಮೇಲೆ ಆ ಹುಡುಗ ಶಾಲೆಯ ಬಾಗಿಲಲ್ಲಿ ಕಾಣಿಸಿಕೊಂಡ. ಎತ್ತರವಾಗಿದ್ದ; ಅಂಗೈಯಲ್ಲಿ ಸಿಮೆಂಟು ತಿಂದ ಬಿರುಕುಗಳಿದ್ದವು. ನಾನು ಜೋಪಾನವಾಗಿ ಇಟ್ಟಿದ್ದ ವಹಿಯನ್ನು ತೆಗೆದುಕೊಟ್ಟೆ. ಅವನು ಪುಟ ತೆರೆದು ಕೆಂಪು ಗೆರೆಗಳನ್ನೆಲ್ಲ ನಿಧಾನವಾಗಿ ನೋಡಿದ.

"ಸರ, ಹೊಂಟೀವಿ ಅಂದ್ರ ತಪ್ಪೇನ್ರೀ?" ಎಂದು ಕೇಳಿದ.

"ತಪ್ಪಲ್ಲಪ್ಪಾ" ಎಂದೆ. ಅವನು ನಂಬಿದಂತೆ ಕಾಣಲಿಲ್ಲ.