ಕವಿತಾಳದಿಂದ ಎರಡು ಹಾದಿ

ರಾಯಚೂರಿನಿಂದ ಲಿಂಗಸುಗೂರಿಗೆ ಹೋಗುವ ಹಾದಿಯಲ್ಲಿ, ಎರೆಹೊಲಗಳ ನಡುವೆ ಕವಿತಾಳವಿದೆ. ಈ ಸೀಮೆಯ ಎಷ್ಟೋ ಮನೆಗಳಲ್ಲಿ ಮನಸ್ಸಿನ ಬೇನೆಗೆ ಹಳೆಯ ಹೆಸರು ‘ಗಾಳಿ’. ಹೊಸ ಸೊಸೆ ಮಾತು ಬಿಟ್ಟರೆ ಗಾಳಿ ಸೋಂಕಿತೆನ್ನುವರು. ದುಗುಡವನ್ನು ಹೇಳಲಾರದವಳು ತಲೆಭಾರ, ಎದೆಯುರಿ, ಕೈಕಾಲು ಜೋಮು ಎನ್ನುವಳು. ಬೆಳೆದ ಮನೆ ಯಾವ ಮಾತನ್ನು ಕಲಿಸಿದೆಯೋ, ನೋವು ಆ ಮಾತಿನಲ್ಲಿಯೇ ಹೊರಬೀಳುತ್ತದೆ.

ಇಲ್ಲಿಂದ ಬಡಗಣಕ್ಕೆ ಕಲಬುರಗಿ ಜಿಲ್ಲೆಯ ಗಾಣಗಾಪುರ. ಭೀಮಾ-ಅಮರಜಾ ಸಂಗಮದ ಆ ದತ್ತಕ್ಷೇತ್ರಕ್ಕೆ ಇಂಥವರನ್ನು ಕರೆದೊಯ್ಯುವುದು ತಲೆಮಾರುಗಳ ರೂಢಿ. ಮಹಾಮಂಗಳಾರತಿಯ ವೇಳೆ ಕೆಲವರು ಚೀರುತ್ತ ಕಂಬವೇರುವುದುಂಟು. ಮನೆಯಲ್ಲಿ ಆಡಲಾಗದ ಸಿಟ್ಟನ್ನು ಅಲ್ಲಿ ದೆವ್ವದ ಹೆಸರಿನಲ್ಲಿ ಆಡಬಹುದು. ಆಡಿದವಳನ್ನು ಯಾರೂ ಜರೆಯರು. ಅದೂ ಒಂದು ನೆಮ್ಮದಿಯೇ. ಆದರೆ ಭ್ರಮೆ ಬೇರೂರಿ ಅನ್ನ ನಿದ್ರೆ ಬಿಟ್ಟವರಿಗೆ ಔಷಧವಿಲ್ಲದೆ ಕಳೆದ ದಿನಗಳು ತುಂಬ ದುಬಾರಿ.

ತೆಂಕಣಕ್ಕೆ ಬಳ್ಳಾರಿ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮನೋರೋಗದ ಚಿಕಿತ್ಸೆ ಕಲಿಸಿತು. ಮದ್ದು ಹಳ್ಳಿಯ ಸಮೀಪಕ್ಕೆ ಬಂದಿತು. 1996ರಲ್ಲಿ ಆ ಮಾದರಿಯೇ ರಾಷ್ಟ್ರೀಯ ಯೋಜನೆಗೆ ತಳಹದಿಯಾಯಿತು. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಕಾಯಿದೆ ನಿಷೇಧಿಸಿದೆ.

ಹರಕೆ ಹೊತ್ತವರನ್ನು ತಡೆಯಬೇಕಿಲ್ಲ. ಅವರು ವೈದ್ಯನ ಬಾಗಿಲನ್ನೂ ತಟ್ಟಲಿ. ‘ಗಾಳಿ’ ಎಂದೊಡನೆ ನಗದೆ, ಅದರೊಳಗಿನ ಅಳಲನ್ನು ವೈದ್ಯನೂ ಆಲಿಸಲಿ.