ಡಿ ನಾನೂರು ಬರುವ ತನಕ

ನಮ್ಮ ತಿಪಟೂರು ಸೀಮೆಯವರಿಗೆ ಕಾಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬೇರೆ ಕಡೆಯವರು ಕಾಯಿ ಕೆಡವಿದ ಕೆಲವೇ ದಿನಗಳಲ್ಲಿ ಒಡೆದು, ಬಿಸಿಲಿಗೆ ಹಾಕಿ, ಎಣ್ಣೆಗೆ ಕಳಿಸಿ ಕೈತೊಳೆದುಕೊಳ್ಳುತ್ತಾರೆ. ನಾವು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಎಂಟು ತಿಂಗಳು, ಹತ್ತು ತಿಂಗಳು, ಒಮ್ಮೊಮ್ಮೆ ವರ್ಷವಿಡೀ ಬಿಟ್ಟುಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಬೇಕು, ಕೊಬ್ಬರಿ ಕರಟವನ್ನು ಬಿಡಬೇಕು, ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಆಗ ಅದು ಉಂಡೆ ಕೊಬ್ಬರಿ. ಅಲ್ಲಿಗೆ ಕಾಯುವುದು ಮುಗಿಯಿತು ಎಂದುಕೊಳ್ಳಬೇಡಿ. ದರ ಏರುತ್ತದಂತೆ ಎಂದು ಒಬ್ಬರು, ಇಳಿಯುತ್ತದಂತೆ ಎಂದು ಇನ್ನೊಬ್ಬರು, ಬೆಂಬಲ ಬೆಲೆ ಜಾಸ್ತಿ ಮಾಡುತ್ತಾರಂತೆ ಎಂದು ಮತ್ತೊಬ್ಬರು. ಈ ಅಂತೆಕಂತೆಗಳ ಸಂತೆಯಲ್ಲಿ ಮೂಟೆ ಮನೆಯಲ್ಲೇ ಕೂತಿರುತ್ತದೆ, ಸಾಲದ ಬಡ್ಡಿ ಬ್ಯಾಂಕಿನಲ್ಲಿ ಓಡುತ್ತಿರುತ್ತದೆ.

ಇಂಥ ಮನೆಯಲ್ಲಿ ಹುಟ್ಟಿದ ನನ್ನ ಮೈದುನ ತೋಟದ ಕೆಲಸ ಬೇಡವೆಂದು ಬಿ.ಎಚ್. ರಸ್ತೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟ. ತೋಟ ಬಿಟ್ಟರೂ ಕಾಯುವ ಬುದ್ಧಿ ಅವನನ್ನು ಬಿಡಲಿಲ್ಲ. ಅಣ್ಣ ಕೊಬ್ಬರಿ ದರಕ್ಕೆ ಕಾದರೆ ತಮ್ಮ ಹೊಸ ಕ್ಯಾಮೆರಾಕ್ಕೆ ಕಾಯುತ್ತಿದ್ದ. ಇಬ್ಬರ ಮಾತಿನ ಧಾಟಿಯೂ ಒಂದೇ. “ಇನ್ನೆರಡು ತಿಂಗ್ಳು ತಡೀರಿ ಅತ್ತಿಗೆ, ಹೊಸದು ಬರ್ತೈತೆ. ಈಗ ತಗೊಂಡ್ರೆ ಆಮೇಲೆ ಇದನ್ನ ಕೇಳೋರೇ ಇರಲ್ಲ.”

ಮಾವನವರ ಕಾಲದಲ್ಲಿ ಈ ತಾಪತ್ರಯವಿರಲಿಲ್ಲ. ಮನೆಯಲ್ಲಿದ್ದದ್ದು ಒಂದು ಆಗ್ಫಾ ಕ್ಲಿಕ್ 3. ಒಂದು ರೋಲಿಗೆ 12 ಚಿತ್ರ, ಚೌಕವಾಗಿ, ಕಪ್ಪು ಬಿಳುಪಿನಲ್ಲಿ. ಆ ಹನ್ನೆರಡರಲ್ಲಿ ಯುಗಾದಿ, ಗೌರಿ ಹಬ್ಬ, ಊರ ಜಾತ್ರೆ ಎಲ್ಲವೂ ಮುಗಿಯಬೇಕು. ನಾನು ತುರುವೇಕೆರೆಯಿಂದ ಈ ಮನೆಗೆ ಬಂದ ಹೊಸದರಲ್ಲಿ ನಮ್ಮತ್ತೆ ಒಮ್ಮೆ ಕೇಳಿದ್ದರು, “ಇದು ಮೂರನೇದಾದ್ರೆ ಒಂದು, ಎರಡು ಎಲ್ಲೋದ್ವು?” ಅವರ ಮಟ್ಟಿಗೆ ಅದು ನಗೆಯ ಮಾತಲ್ಲ, ಮೂರನೆಯ ಮಗುವಿಗೆ ಒಬ್ಬ ಅಣ್ಣ, ಒಬ್ಬ ಅಕ್ಕ ಇರಲೇಬೇಕಲ್ಲ ಎಂಬ ಲೆಕ್ಕ. ಕ್ಲಿಕ್ 1 ಮತ್ತು 2 ಕೂಡ ಜರ್ಮನಿಯಲ್ಲಿ ತಯಾರಾಗಿದ್ದವು ಎಂದು ಎಷ್ಟೋ ವರ್ಷಗಳ ಮೇಲೆ ಮೈದುನ ಹೇಳಿದಾಗ ಕೇಳಲು ಅತ್ತೆ ಇರಲಿಲ್ಲ.

ಕ್ಯಾಮೆರಾದ ಮೈಮೇಲಿನ ಅಂಕಿಗಳನ್ನು ಓದಲು ನನಗೆ ಕಲಿಸಿದವನು ಅವನೇ. ರಾತ್ರಿ ಊಟಕ್ಕೆ ಕೂತಾಗ ಮುದ್ದೆ ಮುರಿಯುತ್ತಾ ಪಾಠ ನಡೆಯುತ್ತಿತ್ತು. ಕ್ಯಾನನ್ನಿನಲ್ಲಿ ಅಂಕಿ ಕಡಿಮೆಯಾದಷ್ಟೂ ಬೆಲೆ ಜಾಸ್ತಿ. 5ಡಿ ದೊಡ್ಡದು, 50ಡಿ ಅದಕ್ಕಿಂತ ಚಿಕ್ಕದು, 500ಡಿ ಇನ್ನೂ ಚಿಕ್ಕದು, 1000ಡಿ ಎಲ್ಲಕ್ಕಿಂತ ಕೆಳಗೆ. ಇದು ನನಗೆ ಕೂಡಲೇ ಅರ್ಥವಾಯಿತು. ಊರಿನಲ್ಲಿ ದೊಡ್ಡವರನ್ನು ‘ಗೌಡರು’ ಎಂದರೆ ಸಾಕು. ಬಡವರ ಮನೆಯ ಹುಡುಗನನ್ನು ಗುರುತಿಸಬೇಕಾದರೆ ‘ಕೆರೆ ಹಿಂದಿನ ಮನೆ ಸಣ್ಣಪ್ಪನ ಎರಡನೇ ಮಗನ ಕಿರಿ ಮಗ’ ಎಂದು ಮೊಳದುದ್ದ ಹೇಳಬೇಕಾಗುತ್ತದಲ್ಲ, ಹಾಗೆ.

ಇನ್ನು ಅಂಕಿಯ ಹಿಂದೆ ಬರುವ ‘ಮಾರ್ಕ್’. 5ಡಿ 2005ರಲ್ಲಿ ಬಂತು, 2008ರಲ್ಲಿ ಮಾರ್ಕ್ ಟೂ, 2012ರಲ್ಲಿ ಮಾರ್ಕ್ ತ್ರೀ, 2016ರಲ್ಲಿ ಮಾರ್ಕ್ ಫೋರ್. ಹಳೆ ಮೈಸೂರು ಸೀಮೆಯ ಹೆಂಗಸಿಗೆ ಇದನ್ನು ಬಿಡಿಸಿ ಹೇಳಬೇಕೇ? ಇಮ್ಮಡಿ, ಮುಮ್ಮಡಿ, ನಾಲ್ವಡಿ. ಅಂದಿನಿಂದ ನಮ್ಮ ಮನೆಯಲ್ಲಿ ಅವುಗಳಿಗೆ ಅದೇ ಹೆಸರು. “ಆ ಸ್ಟುಡಿಯೋದವನು ಮುಮ್ಮಡಿ ತಂದನಂತೆ” ಎಂದರೆ ಹೊರಗಿನವರಿಗೆ ಏನೂ ತಿಳಿಯುತ್ತಿರಲಿಲ್ಲ.

ಒಂದೇ ಕ್ಯಾಮೆರಾಕ್ಕೆ ಮೂರು ದೇಶದಲ್ಲಿ ಮೂರು ಹೆಸರು ಎಂಬುದು ಇನ್ನೊಂದು ತಮಾಷೆ. 2009ರ 500ಡಿಗೆ ಅಮೆರಿಕದಲ್ಲಿ ‘ರೆಬೆಲ್ ಟಿ1ಐ’, ಜಪಾನಿನಲ್ಲಿ ‘ಕಿಸ್ ಎಕ್ಸ್3’. ರೆಬೆಲ್ ಎಂಬುದು ನಮ್ಮಲ್ಲಿ ಅಂಬರೀಷ್‌ಗೆ ಎಂದೋ ಕೊಟ್ಟು ಮುಗಿದ ಬಿರುದು. ಆದರೆ ಕಿಸ್? 1993ರಲ್ಲಿ ರೀಲಿನ ಕಾಲದಲ್ಲೇ ಜಪಾನಿನಲ್ಲಿ ಆ ಹೆಸರಿಟ್ಟು ತಂದಾಗ ಕಂಪನಿಯ ಕಣ್ಣಿದ್ದದ್ದು ತಾಯಂದಿರ ಮೇಲೆ. ಮಕ್ಕಳು ಶಾಲೆಯ ಆಟೋಟದಲ್ಲಿ ಓಡುವುದನ್ನು ಅಮ್ಮಂದಿರೇ ತೆಗೆಯಲಿ, ಹಗುರವಾಗಿರಲಿ, ಸುಲಭವಾಗಿರಲಿ ಎಂದು. ಇದನ್ನು ಕೇಳಿದ ದಿನ ನನ್ನ ಓರಗಿತ್ತಿ ಅನ್ನ ಬಡಿಸುವ ಕೈ ನಿಲ್ಲಿಸಿ, “ಹೆಂಗಸ್ರಿಗೆ ಅಂತಲೇ ಮಾಡ್ತಾರಾ?” ಎಂದು ಕೇಳಿದಳು. ಮೈದುನ ಅದನ್ನು ಗಮನಿಸಲಿಲ್ಲ. ಅವನ ಮನಸ್ಸು ನಿಕಾನಿನ ಮೇಲಿತ್ತು.

ನಿಕಾನಿನಲ್ಲಿ ಲೆಕ್ಕ ಸ್ವಲ್ಪ ಸೊಟ್ಟ. ಒಂದಂಕಿಯ ಡಿ3 ರಾಜ, ಸರಿ. ಆದರೆ ಮೂರಂಕಿಯ ಡಿ300, ಎರಡಂಕಿಯ ಡಿ90ಗಿಂತ ಮೇಲಿನದು. ಮೈದುನ 2009ರಲ್ಲಿ ಡಿ90 ಕೊಂಡಿದ್ದ. ಅದು 2008ರಲ್ಲಿ ಬಂದದ್ದು, ಈ ಜಾತಿಯ ಕ್ಯಾಮೆರಾಗಳಲ್ಲಿ ವೀಡಿಯೊ ತೆಗೆಯಬಲ್ಲ ಮೊದಲನೆಯದು, ಒಳ್ಳೆಯ ಕ್ಯಾಮೆರಾ. ಆದರೂ ಅದು ತಾತ್ಕಾಲಿಕ ಎಂದೇ ಅವನ ಭಾವನೆ. ಡಿ300 ಬಂದದ್ದು 2007ರಲ್ಲಿ, ಅದನ್ನೇ ತಿದ್ದಿದ ಡಿ300ಎಸ್ ಬಂದದ್ದು 2009ರಲ್ಲಿ. ಅಂದ ಮೇಲೆ ಮುಂದಿನದು ಡಿ400 ತಾನೆ? ಹತ್ತರ ಮಗ್ಗಿ ಬಲ್ಲ ಯಾರಾದರೂ ಹೇಳಿಯಾರು. ಅದನ್ನೇ ಕೊಳ್ಳುವುದೆಂದು ತೋಟದ ಪಾಲಿನಲ್ಲಿ ಬಂದ 80,000 ರೂಪಾಯಿಯನ್ನು ಬ್ಯಾಂಕಿನಲ್ಲಿ ಬೇರೆಯಾಗಿ ಇಟ್ಟ. ಆ ದುಡ್ಡಿಗೆ ನಮ್ಮ ಮನೆಯಲ್ಲಿ ‘ನಾನೂರರ ದುಡ್ಡು’ ಎಂದು ಹೆಸರಾಯಿತು.

2010ರಲ್ಲಿ ಡಿ90ರ ಮುಂದಿನದಾಗಿ ಡಿ7000 ಬಂತು. ತೊಂಬತ್ತಾದ ಮೇಲೆ ನೂರು ಎನ್ನುವಂತಿರಲಿಲ್ಲ, ಡಿ100 ಎಂಬುದು 2002ರಲ್ಲೇ ಬಂದುಹೋಗಿತ್ತು. ಹೀಗಾಗಿ ಒಮ್ಮೆಲೇ ಏಳು ಸಾವಿರಕ್ಕೆ ನೆಗೆದರು. “ನಾಲ್ಕಂಕಿ ಅಂದ್ರೆ ಕೆಳಗಿನ ದರ್ಜೆ ಕಣತ್ತಿಗೆ” ಎಂದು ಮೈದುನ ಅದನ್ನು ಕಣ್ಣೆತ್ತಿ ನೋಡಲಿಲ್ಲ. 2011ರ ಮಾರ್ಚಿನಲ್ಲಿ ಜಪಾನಿನಲ್ಲಿ ಭೂಕಂಪವಾಯಿತು, ಸೆಂಡೈ ಊರಿನ ಕಾರ್ಖಾನೆಗೆ ಪೆಟ್ಟಾಯಿತು. ಅದೇ ಅಕ್ಟೋಬರಿನಲ್ಲಿ ಥಾಯ್ಲೆಂಡಿನಲ್ಲಿ ಪ್ರವಾಹ ಬಂದು ಅಯುತ್ಥಯದ ಕಾರ್ಖಾನೆಗೆ ನೀರು ನುಗ್ಗಿತು. ಟೀವಿಯಲ್ಲಿ ಅದನ್ನು ನೋಡುತ್ತಾ ಅವನು, “ಅದಕ್ಕೇ ತಡ ಆಗ್ತೈತೆ” ಎಂದ. ಸಾವಿರಾರು ಮೈಲಿ ಆಚೆಯ ಮಳೆ ನಮ್ಮ ಹಜಾರದಲ್ಲಿ ಒಬ್ಬನಿಗೆ ಸಮಾಧಾನ ತಂದದ್ದನ್ನು ನಾನು ಕಂಡದ್ದು ಅದೊಂದೇ ಸಲ.

2012ರ ಜನವರಿಯಲ್ಲಿ ಡಿ4 ಬಂತು. ಡಿ3ಕ್ಕೆ ಜೊತೆಯಾಗಿ ಡಿ300 ಬಂದಿತ್ತಲ್ಲ, ಡಿ4ಕ್ಕೆ ಜೊತೆಯಾಗಿ ಡಿ400 ಬರದೆ ಹೋದೀತೇ? ಬರಲಿಲ್ಲ. ಮುಂದಿನ ತಿಂಗಳು ಎಂದರು, ದೀಪಾವಳಿಗೆ ಎಂದರು, ಬೆಂಗಳೂರಿನಲ್ಲಿ ಯಾರೋ ಕೈಯಲ್ಲಿ ಹಿಡಿದು ನೋಡಿದರಂತೆ ಎಂದರು. ಜಪಾನಿನವರಿಗೆ ನಾಲ್ಕು ಅಪಶಕುನ, ಅವರ ಭಾಷೆಯಲ್ಲಿ ಆ ಸದ್ದಿಗೆ ಸಾವು ಎಂಬ ಅರ್ಥವೂ ಇದೆ, ಅದಕ್ಕೇ ಬಿಟ್ಟಿದ್ದಾರೆ ಎಂದೂ ಒಬ್ಬರು ಹೇಳಿದರು. ಕ್ಯಾನನ್ನಿನ ಸಣ್ಣ ಕ್ಯಾಮೆರಾಗಳಲ್ಲಿ ಜಿ3 ಆದ ಮೇಲೆ ಜಿ5 ಬಂದದ್ದು ನಿಜ. “ಹಾಗಾದರೆ ಡಿ4 ಹೇಗೆ ಬಂತಪ್ಪ?” ಎಂದು ನಾನು ಕೇಳಿದೆ. ಮೈದುನ ಮಜ್ಜಿಗೆ ಕುಡಿದು ಎದ್ದುಹೋದ. ಇಷ್ಟಕ್ಕೂ ಡಿ400 ಬರುತ್ತದೆಂದು ಕಂಪನಿಯವರು ನಮಗೆ ಮಾತು ಕೊಟ್ಟಿರಲಿಲ್ಲ. ಅಂಕಿಯನ್ನು ಓದಿದವರು ನಾವು, ಅದರಲ್ಲಿ ಭರವಸೆ ಕಂಡವರೂ ನಾವು.

ಈಗ ನಗುತ್ತಾ ಹೇಳುತ್ತಿದ್ದೇನೆ. ಆಗ ಮನೆಯಲ್ಲಿ ಯಾರಿಗೂ ನಗು ಬರುತ್ತಿರಲಿಲ್ಲ. ಓರಗಿತ್ತಿ ಚಿಕ್ಕನಾಯಕನಹಳ್ಳಿ ಕಡೆಯವಳು. ತವರಿನಿಂದ ತಂದ ಎರಡೆಳೆ ಸರ 2010ರಲ್ಲಿ ನಾದಿನಿಯ ಮದುವೆಗೆಂದು ಬ್ಯಾಂಕಿನಲ್ಲಿ ಗಿರವಿ ಬಿದ್ದಿತ್ತು. ಅದೇ ಬ್ಯಾಂಕಿನ ಇನ್ನೊಂದು ಪುಸ್ತಕದಲ್ಲಿ ‘ನಾನೂರರ ದುಡ್ಡು’ ಮಲಗಿತ್ತು. ಸರದ ಸಾಲಕ್ಕೆ ಕಟ್ಟುವ ಬಡ್ಡಿ ಹೆಚ್ಚು, ಪುಸ್ತಕದಲ್ಲಿ ಬರುವ ಬಡ್ಡಿ ಕಡಿಮೆ. ಆ ದುಡ್ಡಿನಲ್ಲಿ ಸರ ಬಿಡಿಸಿಕೊಂಡು, ಕ್ಯಾಮೆರಾ ಬಂದಾಗ ಮತ್ತೆ ಇಟ್ಟರಾಯಿತು ಎಂದು ಅವಳು ಹೇಳಿದರೆ, “ನಾಳೆಯೇ ಬಂದುಬಿಟ್ರೆ?” ಎಂಬ ಉತ್ತರ. ಹಬ್ಬಕ್ಕೆ, ಮದುವೆಗೆ ಅವಳು ಕರಿಮಣಿಯೊಂದರಲ್ಲೇ ಹೋಗುತ್ತಿದ್ದಳು. ಬೀಗರು ಕೇಳಿದರೆ ಕಳ್ಳರ ಭಯ ಎನ್ನುತ್ತಿದ್ದಳು. ಒಂದು ದಿನ ಅಟ್ಟದ ಕೆಳಗೆ ಕಾಯಿ ಸುಲಿಸುತ್ತಾ ಕೂತಿದ್ದಾಗ ಮೆಲ್ಲಗೆ ಹೇಳಿದಳು: “ನಿಮ್ಮ ಮೈದುನ ಎಷ್ಟು ದಿನ ಬೇಕಾದ್ರೂ ಕಾಯ್ತಾರೆ ಅಕ್ಕ. ಬಡ್ಡಿ ಯಾರ್ನೂ ಕಾಯಲ್ಲ.” ಗಂಡಸರು ಯಾವುದಕ್ಕೋ ಕಾಯುತ್ತಿದ್ದಾರೆ ಎಂದರೆ ಅದರ ಖರ್ಚು ಮನೆಯ ಇನ್ಯಾವುದೋ ಡಬ್ಬಿಯಿಂದ ಹೋಗುತ್ತಿರುತ್ತದೆ. ನಮ್ಮ ಮನೆಯಲ್ಲಿ ಅದು ಯಾರ ಡಬ್ಬಿ ಎಂದು ನನಗೆ ಅಂದು ಸ್ಪಷ್ಟವಾಯಿತು. ಅಂದು ರಾತ್ರಿಯೇ ಯಜಮಾನರಿಗೂ ಮೈದುನನಿಗೂ ಒಟ್ಟಿಗೆ ಹೇಳಿದೆ. ಇಬ್ಬರೂ ಕೇಳಿಸಿಕೊಂಡರು. ಕೇಳಿಸಿಕೊಳ್ಳುವುದರಲ್ಲಿ ನಮ್ಮ ಮನೆಯ ಗಂಡಸರನ್ನು ಮೀರಿಸುವವರಿಲ್ಲ.

ಅಷ್ಟರಲ್ಲಿ ಮದುವೆ ಫೋಟೋಗಳ ರೀತಿಯೇ ಬದಲಾಗಿತ್ತು. ವಧೂವರರನ್ನು ನೆಟ್ಟಗೆ ನಿಲ್ಲಿಸಿ ತೆಗೆಯುವುದು ಹೋಗಿ ‘ಕ್ಯಾಂಡಿಡ್’ ಬಂದಿತ್ತು. ಪಕ್ಕದ ಬೀದಿಯ ಹುಡುಗರು ಮುಮ್ಮಡಿ ತಂದರು, 2014ರಲ್ಲಿ ಬಂದ ಡಿ750 ತಂದರು, ದೊಡ್ಡ ಛತ್ರಗಳ ಆರ್ಡರು ಅತ್ತ ಹೋಯಿತು. ಮೈದುನನ ಪಾಲಿಗೆ ಉಳಿದದ್ದು ಪಾಸ್‌ಪೋರ್ಟ್ ಸೈಜು, ಶಾಲೆಯ ಗುಂಪು ಫೋಟೋ, ಹಳೆಯ ಪರಿಚಯದ ಮನೆಗಳು.

ಪಾಸ್‌ಪೋರ್ಟ್ ಸೈಜನ್ನು ಆಗಲೇ ಓರಗಿತ್ತಿ ತೆಗೆಯುತ್ತಿದ್ದಳು. ಅವನು ಹೊರಗೆ ಹೋದಾಗ ಅಂಗಡಿ ಬಾಗಿಲು ಹಾಕಬಾರದೆಂದು ಅವನೇ ಕಲಿಸಿದ್ದ. 2013ರಲ್ಲಿ ನಮ್ಮ ತುರುವೇಕೆರೆಯ ನೆಂಟರ ಮನೆಯಲ್ಲಿ ಸೀಮಂತ. ಅವನಿಗೆ ಅದೇ ದಿನ ಬೇರೆ ಕೆಲಸ, ಅದಕ್ಕೆ ತನ್ನ ಇನ್ನೊಂದು ಹಳೆಯ ಕ್ಯಾಮೆರಾ ಒಯ್ದಿದ್ದ. ಡಿ90 ಹೆಗಲಿಗೆ ಹಾಕಿಕೊಂಡು ಇವಳು ನನ್ನ ಜೊತೆ ಬಸ್ಸು ಹತ್ತಿದಳು. ಗಂಡಸರು ಕ್ಯಾಮೆರಾ ಹಿಡಿದು ನಿಂತರೆ ಬಸುರಿ ಹೆಣ್ಣುಮಗಳು ಸೆರಗು ಎಳೆದುಕೊಂಡು ಗೊಂಬೆಯ ಹಾಗೆ ಕೂರುತ್ತಾಳೆ. ಅಂದು ಹಾಗಾಗಲಿಲ್ಲ. ಬಳೆ ತೊಡಿಸುವವರ ಕೈ, ಮಡಿಲಕ್ಕಿ ತುಂಬುವಾಗ ಅಜ್ಜಿಯ ಮುಖ, ಒಳಕೋಣೆಯಲ್ಲಿ ತಾಯಿ ಮಗಳ ತಲೆಗೆ ಹೂವಿನ ಜಡೆ ಕಟ್ಟುತ್ತಾ ಕಣ್ಣೊರೆಸಿಕೊಂಡದ್ದು, ಎಲ್ಲ ಬಂತು. ಅಲ್ಲಿದ್ದ ಇಬ್ಬರು ಹೆಂಗಸರು ಅಂದೇ ಅವಳ ನಂಬರು ಕೇಳಿ ಬರೆದುಕೊಂಡರು. ಒಬ್ಬರ ಮನೆಯಲ್ಲಿ ನಾಮಕರಣ, ಇನ್ನೊಬ್ಬರ ಮನೆಯಲ್ಲಿ ಅರಿಶಿನ ಶಾಸ್ತ್ರ. ಅರಿಶಿನ ಎಣ್ಣೆ ಹಚ್ಚುವ ಬಚ್ಚಲಿಗೆ ಯಾವ ಮುಮ್ಮಡಿಯೂ ಬರುವಂತಿಲ್ಲವಲ್ಲ!

ಆ ಡಿ90ರ ಶಟರು ಒಂದು ಲಕ್ಷ ಸಲ ಬಡಿಯುವಂತೆ ಮಾಡಿದ್ದು ಎಂದು ಮೈದುನ ಹೇಳುತ್ತಿದ್ದ. ಅವಳು ಪುಸ್ತಕದಲ್ಲಿ ಲೆಕ್ಕ ಇಡುತ್ತಿದ್ದಳು, ಒಂದು ಪುಟದಲ್ಲಿ ಶಟರಿನದು, ಎದುರು ಪುಟದಲ್ಲಿ ಬಂದ ದುಡ್ಡಿನದು. 2015ರ ಶ್ರಾವಣದಲ್ಲಿ ಎದುರು ಪುಟದ ಮೊತ್ತ ಸರದ ಸಾಲಕ್ಕೆ ಸಮವಾಯಿತು. ಬ್ಯಾಂಕಿಗೆ ನನ್ನನ್ನು ಕರೆದುಕೊಂಡು ಹೋದಳು. ಸರ ಬಿಡಿಸಿಕೊಂಡು ಅಲ್ಲೇ ಕುರ್ಚಿಯಲ್ಲಿ ಕೂತು ಹಾಕಿಕೊಂಡಳು. ಮನೆಗೆ ಬಂದ ಮೇಲೆ ಮೈದುನ ನೋಡಿದ, ಏನೂ ಹೇಳಲಿಲ್ಲ. ಆ ರಾತ್ರಿ ಊಟದಲ್ಲಿ ಅಂಕಿಯ ಪಾಠ ನಡೆಯಲಿಲ್ಲ.

2016ರ ಜನವರಿಯಲ್ಲಿ ಡಿ5 ಬಂತು, ಅದರ ಜೊತೆಗೇ ಕೊನೆಗೂ ಮೂರಂಕಿಯದೂ ಬಂತು. ಅದರ ಹೆಸರು ಡಿ500. ನಾನೂರು ಹುಟ್ಟಲೇ ಇಲ್ಲ. ಅಮೆರಿಕದಲ್ಲಿ ಅದಕ್ಕೆ 2,000 ಡಾಲರ್ ಎಂದು ಬೆಲೆ ಕಟ್ಟಿದರು, ನಮ್ಮ ‘ನಾನೂರರ ದುಡ್ಡು’ ಅದರ ಹತ್ತಿರಕ್ಕೂ ಹೋಗುವಂತಿರಲಿಲ್ಲ. ಆರೂವರೆ ವರ್ಷ ಅಟ್ಟದಲ್ಲಿಟ್ಟ ದುಡ್ಡು ಒಣಗಿ ಸಣ್ಣದಾಗಿತ್ತು. ಮೈದುನ ಎರಡು ದಿನ ಸ್ಟುಡಿಯೋಗೆ ಹೋಗಲಿಲ್ಲ. ಮೂರನೆಯ ದಿನ ಬೆಂಗಳೂರಿಗೆ ಹೋಗಿ ಹಿಂದಿನ ವರ್ಷದ ಡಿ7200 ತಂದ. ನಾಲ್ಕಂಕಿಯದು. ಚೆನ್ನಾಗಿಯೇ ಕೆಲಸ ಮಾಡಿತು ಅನ್ನಿ.

ಆಮೇಲೆ ಕನ್ನಡಿಯಿಲ್ಲದ ಕ್ಯಾಮೆರಾಗಳು ಬಂದವು. 2018ರಲ್ಲಿ ಝಡ್6, ಝಡ್7, 2023ರಲ್ಲಿ ಝಡ್8, 2024ರಲ್ಲಿ ಝಡ್6ರ ಮುಮ್ಮಡಿ. ವದಂತಿಯ ಹುಟ್ಟೂರೂ ಬದಲಾಯಿತು. ಈಗಿನ ಕ್ಯಾಮೆರಾಗಳಲ್ಲಿ ವೈಫೈ ಇರುವುದರಿಂದ ಮಾರುವ ಮೊದಲು ಒಂದೊಂದು ದೇಶದ ಸರ್ಕಾರದಲ್ಲಿ ನೋಂದಾಯಿಸಬೇಕಾಗುತ್ತದೆ. ಅಲ್ಲಿ ನಿಜವಾದ ಹೆಸರು ಇರುವುದಿಲ್ಲ, ‘ಎನ್’ ಅಕ್ಷರ, ಮುಂದೆ ನಾಲ್ಕು ಅಂಕಿ, ಅಷ್ಟೆ. ಅದನ್ನು ಹಿಡಿದು ಮೈದುನನಂಥವರು ಪಂಚಾಂಗ ಹಾಕಿ ಕೂರುತ್ತಾರೆ.

ಕೊಬ್ಬರಿಯದೂ ಅದೇ ಪಾಡು. 2023ರಲ್ಲಿ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ, ಮಾರುಕಟ್ಟೆಯಲ್ಲಿ ಅದಕ್ಕಿಂತಲೂ ಕೆಳಗೆ. ಕಾಯಲಾರದವರೆಲ್ಲ ಮಾರಿಕೊಂಡರು. 2025ರಲ್ಲಿ 20,000 ದಾಟಿ ಏರತೊಡಗಿತು. ಇನ್ನೂ ಏರುತ್ತದಂತೆ ಎಂದು ಯಜಮಾನರು ಅಟ್ಟ ನೋಡುತ್ತಾ ಕೂತರು. ಓರಗಿತ್ತಿ ತನ್ನ ಪಾಲಿನ ಮೂಟೆಗಳನ್ನು ಹರಾಜಿಗೆ ಹಾಕಿಸಿ, ದುಡ್ಡು ಎಣಿಸಿಕೊಂಡು, ಮಾರನೆಯ ದಿನ ನನ್ನನ್ನು ಕರೆದುಕೊಂಡು ಬೆಂಗಳೂರಿನ ರೈಲು ಹತ್ತಿದಳು. ಅಂಗಡಿಯ ಹುಡುಗ, “ಮುಂದಿನ ತಿಂಗಳು ಬೇರೆ ಬರಬಹುದು ಮೇಡಂ” ಎಂದು ಶುರುಮಾಡಿದ. “ನಂಗೆ ಭಾನುವಾರ ಕೆಲ್ಸ ಐತಪ್ಪ. ಇವತ್ತು ನಿನ್ನ ಹತ್ರ ಏನೈತೋ ಅದನ್ನ ತೋರ್ಸು” ಎಂದಳು.

ತಂದದ್ದು ಝಡ್50ರ ಎರಡನೆಯದು. ಮೈದುನ ಡಬ್ಬದ ಮೇಲಿನ ಅಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದಿದ. “ಇಮ್ಮಡಿ ಐವತ್ತು. 2019ರಲ್ಲಿ ಬಂದದ್ದು ಮೊದಲನೇದು, ಇದು ಬಂದದ್ದು 2024ರಲ್ಲಿ. ಐದು ವರ್ಷದ ಅಂತರ ಅಂತ ಹಿಡಿದ್ರೆ ಮುಮ್ಮಡಿ...” ಎನ್ನುತ್ತಾ ನನ್ನ ಕಡೆ ತಿರುಗಿದ. ಓರಗಿತ್ತಿ ಆಗಲೇ ಬ್ಯಾಟರಿ ತೆಗೆದು ಚಾರ್ಜಿಗೆ ಹಾಕಿ, ಬೆಳಿಗ್ಗೆ ತುರುವೇಕೆರೆಗೆ ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುತ್ತಿದ್ದಳು.