ಆರಡಿ ಹಗ್ಗ

ಯೊಸೆಮಿಟಿ ನ್ಯಾಷನಲ್ ಪಾರ್ಕಿನ ಹೆಚ್ಚಿನ ಕಾಲುದಾರಿಗಳಲ್ಲಿ ನಾಯಿಗೆ ಪ್ರವೇಶವಿಲ್ಲ. ಅದಕ್ಕೇ ನಮ್ಮ ಕರಿಯನನ್ನು ಪಕ್ಕದ ಸಿಯೆರಾ ನ್ಯಾಷನಲ್ ಫಾರೆಸ್ಟಿಗೆ ಕರೆದುಕೊಂಡು ಹೋದೆವು. ಅಲ್ಲಿ ನಾಯಿಗಳೂ ಬರಬಹುದು. ಕ್ಯಾಂಪ್ ಹಾಕುವ ಜಾಗಗಳಲ್ಲಿ ಆರಡಿ ಮೀರದ ಹಗ್ಗ ಕಡ್ಡಾಯ.

ಕ್ಯಾಂಪ್ ದಾಟಿ ಕಾಡಿನೊಳಗೆ ಹೋದಮೇಲೆ 'ಪಾಪ, ಓಡಾಡಲಿ' ಅಂತ ಹಗ್ಗ ಬಿಚ್ಚಿದೆ. ಜಿಂಕೆಯೊಂದು ಕಂಡಿದ್ದೇ ತಡ, ಕರಿಯ ಮಾಯ! ಕೂಗಿ ಕೂಗಿ ಗಂಟಲು ಕಟ್ಟಿತು. ಮೊಬೈಲಿಗೆ ಸಿಗ್ನಲ್ ಇಲ್ಲ. ಆ ಕಾಡಲ್ಲಿ ಕರಡಿ, ಪೂಮಾ ಎರಡೂ ಇವೆ ಅನ್ನೋದು ಆಗ ನೆನಪಾಯ್ತು. ಮಗಳು ಅಳೋಕೆ ಶುರು ಮಾಡಿದಳು.

ಮುಕ್ಕಾಲು ಗಂಟೆಯಾದ ಮೇಲೆ ಕುಂಟುತ್ತಾ ಬಂದ. ಕಾಲಲ್ಲಿ ಮುಳ್ಳು, ಕಿವಿಯಲ್ಲಿ ಉಣ್ಣಿ. ಬಯ್ಯೋಣವೆಂದರೆ ಬಾಯಿ ಬರಲಿಲ್ಲ. ಬಿಚ್ಚಿದ್ದು ನಾನೇ ತಾನೇ?

ವಾಪಸ್ ಬರುವಾಗ ಮಗಳು ಕೇಳಿದಳು, "ಅಪ್ಪಾ, ಆ ಜಿಂಕೆ ಮನೆಗೆ ಹೋಯ್ತಾ?"

ನನಗೆ ಅದರ ನೆನಪೇ ಇರಲಿಲ್ಲ.